ಆಡಿದರೆ ಸಾಕೇ, ಲೆಕ್ಕ ಬೇಡವೇ?

ಕುಮಟಾ ತಾಲ್ಲೂಕಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪ್ರಾಯದಲ್ಲಿ ಕಬಡ್ಡಿ ಆಡಿದವರು. ಪತ್ರದ ಮುಖ್ಯ ಭಾಗ ಇಷ್ಟು:

"ಈಗ ಟಿ.ವಿ.ಯಲ್ಲಿ ಯಾವ ಪಂದ್ಯ ನೋಡಿದರೂ ನಡುವೆ ಒಂದು ಸಮಾಜಸೇವೆ ಬಂದೇ ಬರುತ್ತದೆ. ಒಬ್ಬರು ಗಿಡ ಕೊಡುತ್ತಾರೆ, ಇನ್ನೊಬ್ಬರು ಶಾಲೆ ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ತಂಡಕ್ಕೊಂದು ಫೌಂಡೇಶನ್. ಆಟಗಾರರ ಕೆಲಸ ಆಡುವುದು. ಚೆನ್ನಾಗಿ ಆಡಿದರೆ ಅದೇ ದೊಡ್ಡ ಸೇವೆ ಅಲ್ಲವೇ? ಶಾಲೆ, ಆಸ್ಪತ್ರೆ, ಕೆರೆ ನೋಡಿಕೊಳ್ಳಲು ಸರಕಾರ ಇದೆ. ಈಗ ಈ ಗಾಳಿ ನಮ್ಮೂರಿಗೂ ಬೀಸಿದೆ. ನಮ್ಮ ಪಂದ್ಯಾವಳಿ ಸಮಿತಿಯವರು ಟ್ರಸ್ಟ್ ಮಾಡಬೇಕು, ಅದರಲ್ಲಿ ನೀವೂ ಇರಬೇಕು ಎಂದು ಬೆನ್ನು ಬಿದ್ದಿದ್ದಾರೆ. ನನಗೆ ಮನಸ್ಸಿಲ್ಲ. ನೀವೇನು ಹೇಳುತ್ತೀರಿ?"

ಮಾನ್ಯರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಒಬ್ಬಿಬ್ಬರು ನಿಮ್ಮ ಪರವೇ ನಿಂತರು. ನಾನು ನಿಲ್ಲಲಾರೆ. ಯಾಕೆ ಎಂದು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಚಾ ಕುಡಿಯುತ್ತಾ ಓದಿ.

ತೋರಿಕೆ ಜಾಸ್ತಿಯಾಗಿದೆ ಎಂಬ ನಿಮ್ಮ ಮಾತು ನಿಜ. ಸ್ಪೇನಿನ ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ ನೂರು ವರ್ಷಕ್ಕೂ ಮಿಕ್ಕಿ ಎದೆಯ ಮೇಲೆ ಯಾವ ಕಂಪನಿಯ ಹೆಸರನ್ನೂ ಹಾಕದೆ ಆಡಿತ್ತು. 2006ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಹೆಸರು ಹಾಕಿಕೊಂಡಿತು. ದುಡ್ಡು ತಗೊಂಡು ಅಲ್ಲ, ತಾನೇ ವರ್ಷಕ್ಕೆ 15 ಲಕ್ಷ ಯೂರೊ ಕೊಟ್ಟು. ಜಗತ್ತೇ ಮೆಚ್ಚಿತು. 2011ಕ್ಕೆ ಎದೆಯ ಜಾಗ ದೊಡ್ಡ ಮೊತ್ತಕ್ಕೆ ಕತಾರ್ ಫೌಂಡೇಶನ್ ಪಾಲಾಯಿತು. ಯುನಿಸೆಫ್ ಬೆನ್ನಿನ ಕೆಳಗೆ ಹೋಯಿತು. ಮತ್ತೆ ಎರಡು ವರ್ಷಕ್ಕೆ ಎದೆಯ ಮೇಲೆ ವಿಮಾನ ಕಂಪನಿ ಬಂದು ಕೂತಿತು. ಇಂಥದ್ದನ್ನು ಕಂಡವರಿಗೆ ಅನುಮಾನ ಬಂದರೆ ತಪ್ಪಲ್ಲ.

ಅಷ್ಟು ಒಪ್ಪಿದೆ. ಆದರೆ ಆಡಿದರೆ ಸಾಕು ಎಂಬ ಮಾತು ನಿಮ್ಮಂಥವರ ಬಾಯಲ್ಲಿ ಬಂದದ್ದು ನನಗೆ ಬೇಸರ. ನೀವು ಆಡಿದ್ದು ಯಾರ ಗದ್ದೆಯಲ್ಲಿ, ಹೇಳಿ?

ನಮ್ಮ ಕರಾವಳಿಯ ಹೊನಲು ಬೆಳಕಿನ ಕಬಡ್ಡಿ ಹೇಗೆ ನಡೆಯುತ್ತದೆ ಎಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೂ ಹೇಳುತ್ತೇನೆ, ಬೇರೆ ಊರಿನ ಓದುಗರೂ ಇದ್ದಾರೆ. ಕೊಯ್ಲು ಮುಗಿದ ಗದ್ದೆಯನ್ನು ಯಾರೋ ಒಬ್ಬರು ಬಾಡಿಗೆ ಇಲ್ಲದೆ ಬಿಟ್ಟುಕೊಡುತ್ತಾರೆ. ಕೂಳೆ ಕಿತ್ತು, ನೀರು ಹೊಡೆದು, ಮಣ್ಣು ಗಟ್ಟಿ ಮಾಡಿ, ಮೇಲೆ ಮರದ ಪುಡಿ ಹರಡುತ್ತಾರೆ. ಸುಣ್ಣದ ಗೆರೆ ಎಳೆಯುತ್ತಾರೆ. ಅಡಿಕೆ ಕಂಬಕ್ಕೆ ಲೈಟು ಕಟ್ಟುತ್ತಾರೆ. ಮೀನು ಮಾರುವ ಹೆಂಗಸು ಕೊಟ್ಟ ನೂರು ರೂಪಾಯಿಯನ್ನೂ ಮೈಕಿನವನು ಹೆಸರು ಹೇಳಿ ಕೂಗುತ್ತಾನೆ. ಬೆಳಗಿನ ಜಾವ ಫೈನಲ್ ಮುಗಿಯುವ ಹೊತ್ತಿಗೆ ಆಟಗಾರರ ಮೈಯೆಲ್ಲ ಮಣ್ಣು, ನೋಡುವವರ ಕಣ್ಣೆಲ್ಲ ಕೆಂಪು. ಆ ರಾತ್ರಿ ತೊಡೆ ತಟ್ಟಿ ಹೋದ ರೈಡರ್ ಒಬ್ಬನೇ ಹೋಗಲಿಲ್ಲ. ಗದ್ದೆ ಕೊಟ್ಟವರು, ಲೈಟು ಕಟ್ಟಿದವರು, ನೂರು ರೂಪಾಯಿ ಕೊಟ್ಟವರು ಎಲ್ಲ ಅವನ ಬೆನ್ನಿಗಿದ್ದರು.

ಅಂಕೋಲಾ ಕಡೆಯ ಒಂದು ಊರಿನಲ್ಲಿ ಇಂಥ ಪಂದ್ಯಾವಳಿಯ ಮರುದಿನ ನಾನು ಕಂಡದ್ದನ್ನು ಹಲವು ಸಲ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಅದು ಸಹಾಯಾರ್ಥ ಪಂದ್ಯಾವಳಿ. ಊರಿನ ಹುಡುಗನೊಬ್ಬನಿಗೆ ಆಡುವಾಗ ಮಂಡಿಯ ಲಿಗಮೆಂಟ್ ಹರಿದಿತ್ತು. ಆಪರೇಶನ್ನಿಗೆ ಮಣಿಪಾಲಕ್ಕೆ ಹೋಗಬೇಕು, ಮನೆಯಲ್ಲಿ ದುಡ್ಡಿಲ್ಲ. ಪಂದ್ಯ ಮುಗಿದ ಮರುದಿನ ಸಂಜೆ ಶಾಲೆಯ ಜಗಲಿಯ ಗೋಡೆಗೆ ಒಂದು ಹಾಳೆ ಅಂಟಿಸಿದರು. ಎಡಗಡೆ ಜಮಾ, ಬಲಗಡೆ ಖರ್ಚು. ಮೈಕ್, ಲೈಟು, ಟ್ರೋಫಿ, ಅವಲಕ್ಕಿ, ಮಜ್ಜಿಗೆ, ರೆಫ್ರಿಗಳ ಬಸ್ ಚಾರ್ಜು. ಕೆಳಗೆ ಉಳಿಕೆ, ಅದು ಯಾರ ಕೈಗೆ ಹೋಯಿತು, ಸಹಿ. ಒಬ್ಬ ಅಜ್ಜ ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ಮಜ್ಜಿಗೆಗೆ ಇಷ್ಟು ಯಾಕಾಯ್ತು ಎಂದು ಕೇಳಿದರು. ಸಮಿತಿಯ ಹುಡುಗ ನಿಂತು ಉತ್ತರ ಹೇಳಿದ. ಯಾರಿಗೂ ಸಿಟ್ಟು ಬರಲಿಲ್ಲ.

ಫೌಂಡೇಶನ್ ಅಂದರೆ ನನಗೆ ಕಣ್ಣಮುಂದೆ ಬರುವುದು ಆ ಹಾಳೆ. ಹಾಗಾಗಿ ಈ ಗಾಳಿ ಹೊರಗಿನಿಂದ ಬೀಸಿತು ಎನ್ನಬೇಡಿ. ಸಹಾಯಾರ್ಥ ಯಕ್ಷಗಾನ ಆಡಿಸಿ ಮನೆ ಕಟ್ಟಿಕೊಟ್ಟ ಸೀಮೆ ನಮ್ಮದು. ಆಟಕ್ಕೂ ಊರಿಗೂ ಕೊಡು-ಕೊಳ್ಳುವ ಸಂಬಂಧ ನಮ್ಮಲ್ಲಿ ಮೊದಲಿಂದ ಇದೆ. ದೊಡ್ಡ ತಂಡಗಳು ಅದನ್ನು ತಡವಾಗಿ ಕಲಿತವು, ಕೆಲವು ಇನ್ನೂ ಕಲಿಯುತ್ತಿವೆ.

ಇಂಗ್ಲೆಂಡಿನಲ್ಲಿ ಕಲಿತದ್ದು ಹೇಗೆ ನೋಡಿ. ಎಂಬತ್ತರ ದಶಕದಲ್ಲಿ ಅಲ್ಲಿ ಫುಟ್‌ಬಾಲ್ ಎಂದರೆ ಹೊಡೆದಾಟ ಎನ್ನುವಂತಾಗಿತ್ತು. ಕಾರ್ಖಾನೆ ಮುಚ್ಚಿ ಕೆಲಸ ಹೋದ ಊರುಗಳು, ಅವುಗಳ ನಡುವೆ ಹಳೆಯ ಮೈದಾನಗಳು. 1986ರಲ್ಲಿ ಆಟಗಾರರ ಸಂಘದವರೇ ಮುಂದೆ ಬಂದು ವಾಯವ್ಯ ಇಂಗ್ಲೆಂಡಿನ ಆರು ಕ್ಲಬ್‌ಗಳಲ್ಲಿ ಊರಿನ ಜನರಿಗಾಗಿ ಕೆಲಸ ಶುರು ಮಾಡಿದರು. ಮೈದಾನದ ಬಾಗಿಲು ಮಕ್ಕಳಿಗೆ ತೆರೆಯಿತು. ಲಿವರ್‌ಪೂಲಿನ ಎವರ್ಟನ್ ಕ್ಲಬ್ 1988ರಲ್ಲಿ ತನ್ನ ಸೇವಾ ವಿಭಾಗ ಕಟ್ಟಿತು. 2012ರಲ್ಲಿ ಸಾಮಾನ್ಯ ಶಾಲೆಯಲ್ಲಿ ನಿಲ್ಲಲಾಗದ ಮಕ್ಕಳಿಗಾಗಿ ಒಂದು ಶಾಲೆಯನ್ನೇ ತೆರೆಯಿತು. ತಂಡ ಗೆದ್ದ ವರ್ಷವೂ ಸೋತ ವರ್ಷವೂ ಕೆಲಸ ನಿಲ್ಲಲಿಲ್ಲ. ಅದೇ ಊರಿನಲ್ಲಿ ಎವರ್ಟನ್ ಮತ್ತು ಲಿವರ್‌ಪೂಲ್ ಅಭಿಮಾನಿಗಳು, ಮೈದಾನದಲ್ಲಿ ಕಡುವೈರಿಗಳು, 2015ರಿಂದ ಒಟ್ಟಿಗೆ ನಿಂತು ಹಸಿದವರಿಗೆ ದಿನಸಿ ಸಂಗ್ರಹಿಸುತ್ತಿದ್ದಾರೆ.

ಸರಕಾರ ಇದೆ ಎಂದಿರಿ. ಇದೆ. ಆದರೆ ಸರಕಾರಕ್ಕೂ ಒಮ್ಮೊಮ್ಮೆ ಯಾರಾದರೂ ಎಬ್ಬಿಸಿ ಹೇಳಬೇಕಾಗುತ್ತದೆ. 2020ರ ಜೂನ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಮಾರ್ಕಸ್ ರಾಶ್‌ಫರ್ಡ್, ಇಪ್ಪತ್ತೆರಡರ ಹುಡುಗ, ಬ್ರಿಟನ್ನಿನ ಸಂಸದರಿಗೆ ಬಹಿರಂಗ ಪತ್ರ ಬರೆದ. ಬೇಸಿಗೆ ರಜೆಯಲ್ಲಿ ಬಡ ಮಕ್ಕಳ ಊಟ ನಿಲ್ಲಿಸಬೇಡಿ ಎಂದು ಕೇಳಿದ. ತಾನೂ ಚಿಕ್ಕಂದಿನಲ್ಲಿ ಶಾಲೆಯ ಊಟ ಉಂಡು ಬೆಳೆದವನು ಎಂದು ಹೇಳಿಕೊಂಡ. ಮೊದಲು ಆಗುವುದಿಲ್ಲ ಎಂದಿದ್ದ ಸರಕಾರ ಮರುದಿನವೇ ಮಣಿಯಿತು. ಸುಮಾರು 13 ಲಕ್ಷ ಮಕ್ಕಳಿಗೆ ಅನುಕೂಲವಾಯಿತು. ನಿಮ್ಮ ಲೆಕ್ಕದಲ್ಲಿ ಅವನು ಸುಮ್ನೆ ಗೋಲು ಹೊಡೆದುಕೊಂಡು ಇರಬೇಕಿತ್ತು. ಇದ್ದಿದ್ದರೆ ಆ ಮಕ್ಕಳ ಗತಿ?

ನನಗೆ ಎಲ್ಲಕ್ಕಿಂತ ಇಷ್ಟವಾದ ಕತೆ ಅಮೆರಿಕದ ಗ್ರೀನ್ ಬೇ ಎಂಬ ಊರಿನದು. ಸುಮಾರು ಒಂದು ಲಕ್ಷ ಜನರ ಊರು. ಅಲ್ಲಿನ ಪ್ಯಾಕರ್ಸ್ ಎಂಬ ತಂಡ ಆ ದೇಶದ ಅತಿ ದೊಡ್ಡ ಅಮೆರಿಕನ್ ಫುಟ್‌ಬಾಲ್ ಲೀಗಿನಲ್ಲಿ ಆಡುತ್ತದೆ. ಉಳಿದ ತಂಡಗಳಿಗೆಲ್ಲ ಕೋಟ್ಯಧಿಪತಿ ಮಾಲೀಕರು. ಇದಕ್ಕೆ ಮಾಲೀಕರು ಊರವರೇ. 1923ರಲ್ಲಿ ಷೇರು ಮಾರಿ ತಂಡ ಉಳಿಸಿಕೊಂಡರು. ಷೇರಿಗೆ ಡಿವಿಡೆಂಡ್ ಇಲ್ಲ. ಮುಂದೊಂದು ದಿನ ತಂಡ ಮಾರಿದರೂ ಬಂದ ದುಡ್ಡು ಯಾವ ಷೇರುದಾರನಿಗೂ ಸೇರದು, ತಂಡದ ಧರ್ಮಾರ್ಥ ಫೌಂಡೇಶನ್ನಿಗೆ ಹೋಗಬೇಕು ಎಂದು ಬರೆದಿಟ್ಟಿದ್ದಾರೆ. ಹಾಗಾಗಿ ಮಾರುವ ಆಸೆಯೇ ಯಾರಿಗೂ ಹುಟ್ಟುವುದಿಲ್ಲ. ನಮ್ಮ ಶಿರಸಿಯಲ್ಲಿ ಅಡಿಕೆ ಬೆಳೆಗಾರರು ಸೇರಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದ್ದೂ ಅದೇ 1923ರಲ್ಲಿ. ಷೇರು ಹಾಕಿ ಸಂಸ್ಥೆ ಕಟ್ಟುವುದು ನಮಗೆ ಹೊಸ ವಿದ್ಯೆ ಅಲ್ಲ. ಆಟಕ್ಕೆ ಮಾತ್ರ ಅದನ್ನು ಬಳಸಲಿಲ್ಲ.

ಈಗ ದುಡ್ಡಿನ ಮಾತಿಗೆ ಬರೋಣ. ಕೊಡುವುದು ದೊಡ್ಡ ತಂಡಗಳ ಔದಾರ್ಯ ಎಂದು ಅನೇಕರು ತಿಳಿದಿದ್ದಾರೆ. ಔದಾರ್ಯ ಎಲ್ಲಿಂದ ಬಂತು? ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು ಹೋದದ್ದು 48,390 ಕೋಟಿ ರೂಪಾಯಿಗೆ. ಪ್ರೊ ಕಬಡ್ಡಿಯ ಮೊದಲ ಹರಾಜಿನಲ್ಲಿ, 2014ರಲ್ಲಿ, ಅತಿ ಹೆಚ್ಚು ಬೆಲೆ 12.80 ಲಕ್ಷ. 2023ಕ್ಕೆ ಒಬ್ಬ ಆಟಗಾರನಿಗೆ 2 ಕೋಟಿ 60 ಲಕ್ಷ ದಾಟಿತು. ಸಂತೋಷವೇ. ಕಬಡ್ಡಿ ಆಡುವವನಿಗೆ ಕೋಟಿ ಸಿಗುತ್ತದೆ ಎಂದು ನಿಮ್ಮ ಕಾಲದಲ್ಲಿ ಯಾರಾದರೂ ಹೇಳಿದ್ದರೆ ನಂಬುತ್ತಿದ್ದಿರಾ? ಆದರೆ ಈ ದುಡ್ಡಿನ ಬುಡ ನೋಡುವವರ ಕಣ್ಣಲ್ಲಿದೆ. ಹೊನ್ನಾವರದ ಅಂಗಡಿಯ ಜಗಲಿಯಲ್ಲಿ ನಿಂತು ಪಂದ್ಯ ನೋಡುವ ಹುಡುಗನ ಕಣ್ಣೂ ಆ 48,390 ಕೋಟಿಯಲ್ಲಿ ಸೇರಿದೆ.

ಕಾನೂನೂ ಇದೆ. ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದನ್ನೇ ಸಿಎಸ್‌ಆರ್ ಎನ್ನುವುದು. ತಂಡ ನಡೆಸುವುದೂ ಕಂಪನಿಯೇ, ಅದಕ್ಕೂ ಇದು ಅನ್ವಯ. ಯಾವ ಕೆಲಸ ಎಂಬ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆಯ ತರಬೇತಿ ಎಂದು ಸ್ಪಷ್ಟವಾಗಿ ಬರೆದಿದೆ. ತನ್ನ ಸರಕಿನ ಪ್ರಚಾರಕ್ಕೆ ಮಾಡಿದ ಪ್ರಾಯೋಜಕತ್ವ ಇದರಲ್ಲಿ ಲೆಕ್ಕಕ್ಕಿಲ್ಲ ಎಂದೂ ನಿಯಮ ಇದೆ. ಕಂಪನಿ ಎಲ್ಲಿ ಕೆಲಸ ಮಾಡುತ್ತದೋ ಆ ಸುತ್ತಲಿನ ಊರಿಗೆ ಮೊದಲ ಆದ್ಯತೆ ಎಂದೂ ಇದೆ. ಇನ್ನು ಕ್ರಿಕೆಟ್ ಮಂಡಳಿ. ತಾನು ಕ್ರಿಕೆಟ್ ಬೆಳೆಸುವ ಧರ್ಮಾರ್ಥ ಸಂಸ್ಥೆ ಎಂಬ ವಾದದ ಮೇಲೆ ತೆರಿಗೆ ವಿನಾಯಿತಿ ಕೇಳುತ್ತಾ ಬಂದಿದೆ. ಐಪಿಎಲ್ ನಡೆಸಿದ ಮಾತ್ರಕ್ಕೆ ಆ ಗುಣ ಹೋಗುವುದಿಲ್ಲ ಎಂದು 2021ರಲ್ಲಿ ಮುಂಬೈಯ ತೆರಿಗೆ ನ್ಯಾಯಮಂಡಳಿ ಹೇಳಿತು. ಸರಿ, ಧರ್ಮಾರ್ಥವೇ ಆಗಲಿ. ಧರ್ಮದ ಹೆಸರಿನಲ್ಲಿ ತೆರಿಗೆ ಉಳಿಸಿಕೊಂಡವರ ಲೆಕ್ಕದ ಪುಸ್ತಕ ಕೇಳುವ ಹಕ್ಕು ನಿಮಗೂ ನನಗೂ ಇದೆ, ಅಲ್ವಾ?

ನಾನು ಜೋರಾಗಿ ಹೇಳಬೇಕೆಂದಿರುವುದು ಇದೊಂದೇ. ಕೊಡಬೇಕೇ ಬೇಡವೇ ಎಂಬ ಚರ್ಚೆ ಮುಗಿದುಹೋದದ್ದು. ಕೊಟ್ಟದ್ದು ಎಷ್ಟು, ಎಲ್ಲಿಗೆ, ಎಷ್ಟು ವರ್ಷಕ್ಕೆ, ಅದರಲ್ಲಿ ಫೋಟೊಕ್ಕೆ ಹೋದದ್ದೆಷ್ಟು, ಮಕ್ಕಳಿಗೆ ಹೋದದ್ದೆಷ್ಟು ಎಂದು ಕೇಳಬೇಕು. ಬೆಂಗಳೂರಿನ ಐಪಿಎಲ್ ತಂಡ 2011ರಿಂದ ಹೆಚ್ಚುಕಮ್ಮಿ ಪ್ರತಿ ವರ್ಷ ಒಂದು ಪಂದ್ಯ ಹಸಿರು ಅಂಗಿಯಲ್ಲಿ ಆಡುತ್ತಿದೆ. ಟಾಸ್ ಹಾಕುವಾಗ ಎದುರಾಳಿ ನಾಯಕನಿಗೆ ಗಿಡ ಕೊಡುತ್ತದೆ. ಆಮೇಲೆ ಕೆರೆ ಹೂಳೆತ್ತುವ ಕೆಲಸಕ್ಕೂ ಕೈ ಹಾಕಿತು. ಗಿಡ ನಿಮಗೆ ತೋರಿಕೆ ಅನ್ನಿಸಿರಬಹುದು. ಆದರೆ ಕೆರೆ ನೀರು ಹಿಡಿಯಿತೋ ಇಲ್ಲವೋ ಎಂಬುದನ್ನು ಹೋಗಿ ನೋಡಿ ಅಳೆಯಬಹುದು. ಅಳೆಯಲು ಬರುವ ಕೆಲಸ ಮಾಡಿದವರನ್ನು ನಾನು ಗೌರವಿಸುತ್ತೇನೆ.

ಕೇಳಿದರೆ ಏನಾಗುತ್ತದೆ ಎನ್ನುವಿರಾ? 2020ರ ಏಪ್ರಿಲ್‌ನಲ್ಲಿ, ಕೊರೊನಾ ಸಮಯದಲ್ಲಿ, ಲಿವರ್‌ಪೂಲ್ ಕ್ಲಬ್ ತನ್ನ ಸಣ್ಣ ನೌಕರರ ಸಂಬಳವನ್ನು ಸರಕಾರದ ನೆರವಿನಿಂದ ಕೊಡಿಸಲು ಹೊರಟಿತು. ಇಷ್ಟು ಶ್ರೀಮಂತ ಕ್ಲಬ್ಬಿಗೆ ಜನರ ತೆರಿಗೆ ದುಡ್ಡು ಯಾಕೆ ಎಂದು ಅಭಿಮಾನಿಗಳೇ ತಿರುಗಿಬಿದ್ದರು. ಎರಡೇ ದಿನಕ್ಕೆ ಕ್ಲಬ್ ಕ್ಷಮೆ ಕೇಳಿ ನಿರ್ಧಾರ ಹಿಂದೆ ಪಡೆಯಿತು. ತನ್ನ ಕಸ ಗುಡಿಸುವವನ ಸಂಬಳ ಕೊಡುವುದು ಮೊದಲ ಸಮಾಜಸೇವೆ. ಅದನ್ನು ಬಿಟ್ಟು ಆಫ್ರಿಕದಲ್ಲಿ ಶಾಲೆ ಕಟ್ಟಿದರೆ ಏನು ಬಂತು?

ಮೈದಾನಕ್ಕೆ ಬಂದವರನ್ನು ಜೀವಸಹಿತ ಮನೆಗೆ ಕಳಿಸುವುದೂ ಅದಕ್ಕಿಂತ ಮೊದಲಿನದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಜನ ಸತ್ತರು. ಗೆದ್ದ ತಂಡವನ್ನು ನೋಡಲು ಬಂದವರು. ಎಳೆಯ ಪ್ರಾಯದವರೇ ಹೆಚ್ಚು. ತಂಡದವರು ಮೊದಲು ತಲಾ ಹತ್ತು ಲಕ್ಷ ಎಂದರು, ಆಗಸ್ಟ್ ಕೊನೆಗೆ ತಲಾ ಇಪ್ಪತ್ತೈದು ಲಕ್ಷ ಎಂದು ಹೊಸ ನಿಧಿಯ ಹೆಸರಿನಲ್ಲಿ ಪ್ರಕಟಿಸಿದರು. ಕೊಟ್ಟದ್ದು ಸರಿ. ಆದರೆ ಆ ದುಃಖ ಯಾವ ನಿಧಿಯಿಂದಲೂ ತೀರುವುದಲ್ಲ. ಅಭಿಮಾನಿ ಎಂದರೆ ಜೆರ್ಸಿ ಕೊಳ್ಳುವ ಗಿರಾಕಿ ಅಲ್ಲ, ಯಾರದೋ ಮನೆಯ ಮಗು ಎಂದು ಆಟ ನಡೆಸುವವರೆಲ್ಲ ದಿನಾ ನೆನಪಿಡಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಾತು ಬಂದರೆ ನನಗೆ ಸಂಕಟ ಜಾಸ್ತಿ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯಲ್ಲಿ ಆಫ್ರಿಕ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿತು. ಆಗ ಕ್ರೀಡಾ ಖಾತೆಯ ರಾಜ್ಯ ಸಚಿವೆ ಮಾರ್ಗರೆಟ್ ಆಳ್ವ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಮನೆಗಳಿಂದ ಮಕ್ಕಳು ದೂರದ ತರಬೇತಿ ಕೇಂದ್ರಗಳಿಗೆ ಹೋದರು. ಓಟದಲ್ಲಿ ಹೆಸರು ಮಾಡಿದರು, ರಾಷ್ಟ್ರಮಟ್ಟದಲ್ಲಿ ಪದಕ ತಂದರು. 1993ಕ್ಕೆ ಯೋಜನೆ ನಿಂತಿತು. ಅರ್ಧ ದಾರಿಯಲ್ಲಿದ್ದ ಮಕ್ಕಳು ವಾಪಸು ಬಂದರು. ಅವರಲ್ಲಿ ಕೆಲವರು ಇವತ್ತಿಗೂ ಕೂಲಿ ಕೆಲಸದಲ್ಲಿದ್ದಾರೆ. ಒಂದು ಮಗುವಿನ ಕೈ ಹಿಡಿದು ಗುಡ್ಡ ಹತ್ತಿಸಿ ನಡುವೆ ಕೈ ಬಿಡುವುದಕ್ಕಿಂತ ಹಿಡಿಯದೇ ಇರುವುದು ಮೇಲು. ಆಮೇಲೆ ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆಯವರು ಸಿದ್ದಿ ಮಕ್ಕಳ ಜೊತೆ ಓಟದ ಕೆಲಸ ಮತ್ತೆ ಹಿಡಿದರು. ಅವರ ಹಿಂದೆ ನಿಲ್ಲಬೇಕಾದದ್ದು ದೊಡ್ಡ ದೊಡ್ಡ ತಂಡಗಳು. ನಿಂತರೆ ಹತ್ತು ವರ್ಷ ನಿಲ್ಲಬೇಕು. ಒಂದು ಸೀಸನ್ನಿಗೆ ಬಂದು ಟೀ ಶರ್ಟ್ ಹಂಚಿ ಹೋಗುವವರು ಬರುವುದೇ ಬೇಡ.

ಕೊಡುವುದರಲ್ಲಿ ನಮ್ಮ ಜಿಲ್ಲೆ ಯಾವತ್ತು ಹಿಂದೆ ಬಿದ್ದಿದೆ? ಕಾಳಿ ನದಿ ಕೊಟ್ಟೆವು, ಅಣೆಕಟ್ಟು ಮೇಲೆ ಅಣೆಕಟ್ಟು ಬಂತು. ಕೈಗಾಕ್ಕೆ ಕಾಡು ಕೊಟ್ಟೆವು. ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲಾದ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲ ತೀರ ಬಿಟ್ಟು ಎದ್ದವು. ಆ ತೀರದ ಮರಳಿನಲ್ಲೇ ಹುಡುಗರು ಕಬಡ್ಡಿ, ವಾಲಿಬಾಲ್ ಆಡುತ್ತಿದ್ದರು. ಬದಲಿಗೆ ಏನು ಬಂತು? ಮಂಡಿ ಹರಿದರೆ, ತಲೆಗೆ ಪೆಟ್ಟಾದರೆ ಈಗಲೂ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತದ್ದನ್ನು ಯಾರು ಮರೆಯುತ್ತಾರೆ? ಸುಸಜ್ಜಿತ ಆಸ್ಪತ್ರೆ ಬೇಕು ಎಂದು ಜಿಲ್ಲೆಯ ಜನ ಬೀದಿಗಿಳಿದು ಕೇಳಿದ್ದಾರೆ, ಕೇಳುತ್ತಲೇ ಇದ್ದಾರೆ. ಆಟದ ಪತ್ರಕ್ಕೆ ಆಸ್ಪತ್ರೆಯ ಉತ್ತರ ಯಾಕೆ ಅನ್ನಬೇಡಿ. ಆಟಗಾರನ ಮೈ ಕೂಡ ಆಸ್ಪತ್ರೆಗೆ ಹೋಗುವ ಮೈಯೇ.

ಇನ್ನೊಂದು ಸಂಗತಿ ನೀವು ಗಮನಿಸಿರುತ್ತೀರಿ. ದೊಡ್ಡ ಕಬಡ್ಡಿ ಈಗ ಮ್ಯಾಟ್ ಮೇಲೆ. ನಮ್ಮ ಹುಡುಗರು ಬೆಳೆಯುವುದು ಮಣ್ಣಿನಲ್ಲಿ, ಬರಿಗಾಲಲ್ಲಿ. ಆಯ್ಕೆಗೆ ಹೋದ ದಿನ ಮೊದಲ ಸಲ ಬೂಟು ಹಾಕಿ ಮ್ಯಾಟ್ ಹತ್ತುತ್ತಾರೆ. ಕಾಲು ತಿರುಗಿಸುವ ಅಂದಾಜೇ ತಪ್ಪುತ್ತದೆ. ಮೇಲಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಹೊರಗೆ ಆಡುವ ಮಾತೇ ಇಲ್ಲ. ಒಂದು ತಗಡಿನ ಮಾಡು, ಅದರಡಿ 13 ಮೀಟರ್ ಉದ್ದ 10 ಮೀಟರ್ ಅಗಲದ ಒಂದು ಅಂಕಣ, ಸಂಬಳ ಸಿಗುವ ಒಬ್ಬ ಕೋಚ್, ಪೆಟ್ಟಾದರೆ ನೋಡಿಕೊಳ್ಳುವ ವಿಮೆ. ತಾಲ್ಲೂಕಿಗೊಂದು ಇಂಥದ್ದು ಇದ್ದರೆ ಸಾಕು. ಹರಾಜಿನಲ್ಲಿ ಒಬ್ಬ ರೈಡರಿಗೆ ಹೋಗುವ ಮೊತ್ತದಲ್ಲಿ ಇವೆಷ್ಟು ಆಗುತ್ತವೆ ಎಂದು ನೀವೇ ಲೆಕ್ಕ ಹಾಕಿ.

ಈಗ ನಿಮ್ಮ ಟ್ರಸ್ಟಿನ ಪ್ರಶ್ನೆ. ಸೇರಿ. ಸುಮ್ನೆ ಸದಸ್ಯನಾಗಿ ಹಾರ ಹಾಕಿಸಿಕೊಳ್ಳಲು ಬೇಡ, ಖಜಾಂಚಿ ಕೆಲಸವನ್ನೇ ಕೇಳಿ ತಗೊಳ್ಳಿ. ಇಷ್ಟು ಅನುಮಾನಪಡುವವರು ಆ ಕುರ್ಚಿಯಲ್ಲಿ ಇರಬೇಕು. ಟ್ರಸ್ಟಿನ ಬದಲು ಸಂಘವನ್ನೂ ಮಾಡಬಹುದು: ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲಿ ಇರಲಿ, ಚೆಕ್ಕಿಗೆ ಎರಡು ಸಹಿ ಇರಲಿ. ಆದಾಯ ತೆರಿಗೆ ಇಲಾಖೆಯಲ್ಲಿ ಧರ್ಮಾರ್ಥ ಸಂಸ್ಥೆ ಎಂಬ ನೋಂದಣಿ, ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ ನೋಂದಣಿ (1961ರ ಕಾಯ್ದೆಯಲ್ಲಿ 12ಎಬಿ, 80ಜಿ) ಎರಡನ್ನೂ ಮಾಡಿಸಿ. ಕಂಪನಿಗಳ ಸಿಎಸ್‌ಆರ್ ದುಡ್ಡು ಪಡೆಯಲು ಅವು ಬೇಕು. ಮೂರು ವರ್ಷ ಕೆಲಸ ಮಾಡಿ ತೋರಿಸಿದ ದಾಖಲೆಯೂ ಬೇಕು, ಹಾಗಾಗಿ ಮೊದಲ ವರ್ಷದಿಂದಲೇ ರಸೀದಿ ಜೋಪಾನ ಮಾಡಿ. ಯಾವ ಕಂಪನಿ ಯಾವ ಯೋಜನೆಗೆ ಒಪ್ಪಿದೆ ಎಂಬುದನ್ನು ಅವರು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು. ನಿಮ್ಮೂರಿನ ಕಾಲೇಜು ಹುಡುಗರಿಗೆ ಹೇಳಿ, ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆ ಇರುವ ಕಂಪನಿಗಳ ಪಟ್ಟಿ ತೆಗೆದು ಓದಿಸಿ. ಆಮೇಲೆ ಅರ್ಜಿ ಹಿಡಿದು ಹೋಗಿ. ಬೇಡಲು ಹೋಗುತ್ತಿದ್ದೀರಿ ಎಂದು ತಲೆ ತಗ್ಗಿಸಬೇಡಿ.

ಪಂದ್ಯಾವಳಿ ಮುಗಿದ ಮೇಲೆ ಜಮಾ-ಖರ್ಚಿನ ಒಂದು ಪ್ರತಿ ಶಾಲೆಯ ಗೋಡೆಗೆ ಅಂಟಿಸಿ, ಇನ್ನೊಂದು ನಮಗೆ ಕಳಿಸಿ. ಪೂರ್ತಿ ಅಚ್ಚು ಹಾಕುತ್ತೇನೆ, ಮಜ್ಜಿಗೆಯ ಲೆಕ್ಕವನ್ನೂ ಸೇರಿಸಿ.

— ಸಂಪಾದಕ